ಚೀತಾದ ಫೋಟೊ, ಜೋಸೆಫನ ಕೆಲಸ

ಕಳೆದ ವಾರ ಕುವೈತ್ ಸಿಟಿಯ ನನ್ನ ಆಫೀಸಿಗೆ ಕೀನ್ಯಾದಿಂದ ಒಂದು ಕಾಗದ ಬಂತು. ಅಲ್ಲಿ ನನಗೆ ಯಾರಿದ್ದಾರಪ್ಪಾ? ಒಡೆದು ನೋಡಿದರೆ, ಜೋಸೆಫ್!

ಈದ್ ರಜೆಯಲ್ಲಿ ನಾವು ಆಫ್ರಿಕಾ ನೋಡಿ ಬಂದದ್ದು ನಿಮಗೆ ಗೊತ್ತೇ ಇದೆ. (ಎರಡು ವಾರ ಈ ಅಂಕಣದಲ್ಲಿ ಅದನ್ನೇ ಕೊರೆದಿದ್ದೆ, ಕ್ಷಮಿಸಿ.) ನಾನು, ಇಲ್ಲೇ ಸಾಲ್ಮಿಯಾದಲ್ಲಿರುವ ಗೆಳೆಯ ವಿನ್ಸೆಂಟ್, ಇಬ್ಬರ ಸಂಸಾರ. ಅಭಯಾರಣ್ಯದಲ್ಲಿ ನಮ್ಮ ವ್ಯಾನ್ ಓಡಿಸಿದವನೇ ಈ ಜೋಸೆಫ್. ಒಂದು ಸಂಗತಿಯನ್ನು ಮಾತ್ರ ಆಗ ಬರೆದಿರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ದೂರದ ಹುಲ್ಲಿನಲ್ಲಿ ಚೀತಾ ಕಂಡಿತು. ತಾಯಿ, ಹಿಂದೆ ಮೂರು ಮರಿ, ಎದುರಿಗೆ ಜಿಂಕೆಗಳು. ಜೋಸೆಫ್ ಎಂಜಿನ್ ಆಫ್ ಮಾಡಿದ. "ದಾರಿ ಬಿಟ್ಟು ಇಳಿಯುವ ಹಾಗಿಲ್ಲ ಸರ್. ಅವಳು ಬೇಟೆಗೆ ಕೂತಿದ್ದಾಳೆ. ನಾವು ಹೋದರೆ ಜಿಂಕೆ ಓಡುತ್ತವೆ, ಮರಿಗಳಿಗೆ ಊಟ ತಪ್ಪುತ್ತದೆ" ಎಂದ.

ಎಷ್ಟು ಮರ್ಯಾದೆಯಿಂದ ಹೇಳಿದ! ನಾನೇನು ಮಾಡಿದೆ? "ಯಲ್ಲಾ, ಯಲ್ಲಾ!" ಎಂದು ಗದರಿದೆ. ನನ್ನ ಕೆಲಸ, ವೀಸಾ ಎರಡನ್ನೂ ಮುಷ್ಟಿಯಲ್ಲಿಟ್ಟುಕೊಂಡ ಕಫೀಲ್, ಬೇಗ ನಡಿ ಎಂದು ದಿನಾ ನನಗೆ ಅನ್ನುವ ಅರಬ್ಬಿ ಮಾತು, ಅದೇ ಗತ್ತಿನಲ್ಲಿ. ಸಾಲದ್ದಕ್ಕೆ, ಕಂಪನಿಗೆ ಕಂಪ್ಲೇಂಟ್ ಕೊಡುತ್ತೇನೆ ಎಂದೂ ಹೆದರಿಸಿದೆ. ಇಲ್ಲಿ ಹನ್ನೊಂದು ವರ್ಷ ತಲೆ ಬಗ್ಗಿಸಿದವನಿಗೆ ಒಂದು ವಾರ ಕಫೀಲ್ ಆಗುವ ಚಾನ್ಸ್ ಸಿಕ್ಕಿತ್ತು. ಬಿಡುತ್ತೇನೆಯೇ?

ಪಾಪ, ವ್ಯಾನನ್ನು ಹುಲ್ಲಿಗೆ ಇಳಿಸಿದ. ಜಿಂಕೆಗಳು ಓಡಿದವು. ನಮ್ಮನ್ನು ನೋಡಿ ಇನ್ನೂ ನಾಲ್ಕು ವ್ಯಾನ್ ನುಗ್ಗಿದವು. ಚೀತಾ ಹಸಿದ ಮರಿಗಳನ್ನು ಕರೆದುಕೊಂಡು ಎದ್ದು ಹೋಯಿತು. ವಿನ್ಸೆಂಟನಿಗೆ ಫೋಟೊ ಸಿಕ್ಕಿತು, ಕಾವಲುಗಾರನಿಗೆ ನಮ್ಮ ವ್ಯಾನಿನ ನಂಬರ್ ಸಿಕ್ಕಿತು.

ಕಾಡು ಉಳಿಯಲು ಪ್ರವಾಸಿಗರ ದುಡ್ಡು ಬೇಕಂತೆ. ಸರಿ, ಆ ಪ್ರವಾಸಿಗರಿಂದ ಕಾಡನ್ನು ಕಾಯುವವರು ಯಾರು? ಕೈಮುಗಿದು ಬೇಡ ಎಂದ ಜೋಸೆಫ್ ತಾನೆ?

ಈಗ ಅವನ ಕೆಲಸಕ್ಕೇ ಕುತ್ತು. ಕಾಗದದ ಜೊತೆ ಅಲ್ಲಿನ ಅಧಿಕಾರಿಯ ಪ್ರಶ್ನೆಯೂ ಇತ್ತು: ದಾರಿ ಬಿಡಲು ಹೇಳಿದವರು ಯಾರು? ನಾವೇ ಒತ್ತಾಯ ಮಾಡಿದ್ದೆಂದು ಬರೆದುಕೊಟ್ಟರೆ ಅವನಿಗೆ ಬರೀ ವಾರ್ನಿಂಗ್. ಇಲ್ಲವಾದರೆ ಲೈಸೆನ್ಸ್ ಹೋಗುತ್ತದೆ. "ದಯವಿಟ್ಟು ನಿಜ ಬರೆಯಿರಿ ಸರ್" ಎಂದು ಬೇಡಿಕೊಂಡಿದ್ದ.

ವಿನ್ಸೆಂಟನಿಗೆ ಫೋನ್ ಮಾಡಿದೆ.

"ನಿಂಗೆಂತಕ್ಕೆ ಮಾರಾಯ ಇಲ್ಲದ ಉಸಾಬರಿ? ಸೈನ್ ಹಾಕಿ ಕೊಟ್ಟು ನಾಳೆ ಕೇಸು ಗೀಸು ಅಂತ ಇಲ್ಲಿಗೇ ಬಂದ್ರೆ? ಮತ್ತೆ ಇಲ್ಲಿ ಇರ್ಲಿಕ್ಕೆ ಕಫೀಲ್ ಇಕಾಮಾ ರಿನ್ಯೂ ಮಾಡ್ತಾನಾ? ಖಲಾಸ್, ಪೆಟ್ಟಿಗೆ ಕಟ್ಟುದೇ!"

"ಜೋಸೆಫನ ಗತಿ?"

"ಅವನಿಗೆ ಬೇರೆ ಕೆಲ್ಸ ಸಿಗ್ತದೆ ಬಿಡು."

ಇದೇ ಮಾತನ್ನು ನಮಗೆ ಯಾರಾದರೂ ಹೇಳಿದ್ದರೆ? ವಿನ್ಸೆಂಟನ ಮೇಲೆ ಸಿಟ್ಟು ಬಂತು. ನನ್ನ ಮೇಲೆ ಅದಕ್ಕಿಂತ ಹೆಚ್ಚು. ಯಾಕೆಂದರೆ ಫೋನ್ ಇಡುವಾಗ ನನಗೆ ಒಳಗೊಳಗೇ ಸಮಾಧಾನವಾಗಿತ್ತು.

ಉತ್ತರ ಬರೆದೆ. ಇಂಗ್ಲಿಷಿನಲ್ಲಿ, ನೀಟಾಗಿ ಟೈಪ್ ಮಾಡಿ. ದಾರಿ ಬಿಡಲು ನಾವು ಹೇಳಿದ ನೆನಪಿಲ್ಲ ಎಂದು. ಸೈನ್ ಹಾಕಿ, ಅವತ್ತೇ ಪೋಸ್ಟ್ ಮಾಡಿಬಿಟ್ಟೆ.

ನಿಜವನ್ನು ನಿಮಗೆ ಮಾತ್ರ ಹೇಳಿದ್ದೇನೆ, ಜೋಸೆಫನ ಸಾಹೇಬರಿಗೆ ಕನ್ನಡ ಬರುವುದಿಲ್ಲ ಎಂಬ ಧೈರ್ಯದಲ್ಲಿ.