ಗಾಳಿಯ ಮೇಲಿನ ದೋಣಿ

ಮದುವೆಯಾಗಿ ನಾನು ಕಲಬುರಗಿಗೆ, ಐವಾನ್-ಎ-ಶಾಹಿ ಬಡಾವಣೆಯ ಬಾಡಿಗೆ ಮನೆಗೆ ಬಂದಾಗ ಎಂಬತ್ತರ ದಶಕ ಮುಗಿಯುತ್ತಿತ್ತು. ನನ್ನ ಗಂಡ ಪಾಲಿಟೆಕ್ನಿಕ್ಕಿನಲ್ಲಿ ಮೆಕ್ಯಾನಿಕಲ್ ವಿಭಾಗದ ಮೇಷ್ಟರು, ಮಾತು ಕಡಿಮೆ. ಮನೆಯಲ್ಲಿ ಮಾತೆಲ್ಲ ಅತ್ತೆಯವರದು, ಅದೂ ಅರ್ಧ ಮರಾಠಿ, ಅರ್ಧ ಕನ್ನಡ. ಗಂಡ ಕಾಲೇಜಿನಿಂದ ಬಂದವರೇ ಚಹಾ ಕುಡಿದು ಹಿತ್ತಲಿನ ತಗಡಿನ ಶೆಡ್ಡಿಗೆ ಹೋಗಿಬಿಡುತ್ತಿದ್ದರು. ಅಲ್ಲೇನು ಮಾಡುತ್ತಾರೆಂದು ನಾನು ಕೇಳಿರಲಿಲ್ಲ. ಅವರೂ ಹೇಳಿರಲಿಲ್ಲ.

ಒಂದು ಸಂಜೆ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತರು.

"ನಿನಗ ಮಷೀನ್ ಮ್ಯಾಲೆ ಹೊಲಿಯಾಕ ಬರ್ತದಲ್ಲ?"

"ಬರ್ತದ್ರಿ. ಏನ್ ಹೊಲೀಬೇಕು?"

"ಲಂಗ."

ನಾನು ಹಿಟ್ಟಿನ ಕೈಯಲ್ಲೇ ನಿಂತೆ. "ಯಾರಿಗ್ರಿ?"

"ಬಾ, ತೋರಸ್ತೀನಿ."

ಶೆಡ್ಡಿನ ಮೇಜಿನ ಮೇಲೆ ಥರ್ಮಾಕೋಲು ಮತ್ತು ತೆಳು ಪ್ಲೈವುಡ್ಡಿನಿಂದ ಮಾಡಿದ ಒಂದು ಚಪ್ಪಟೆ ದೋಣಿ ಇತ್ತು, ತೊಟ್ಟಿಲಿನಷ್ಟು ಉದ್ದ. ಅದರ ಹಿಂಭಾಗದಲ್ಲಿ ಮುಷ್ಟಿಯಷ್ಟು ಎಂಜಿನ್ನು, ಎಂಜಿನ್ನಿಗೆ ಒಂದು ಫ್ಯಾನು, ಫ್ಯಾನಿನ ಸುತ್ತ ತಗಡಿನ ಬಳೆ. ಆ ಬಳೆಯನ್ನು ಅವರು ಕಪನೂರಿನ ಒಂದು ವರ್ಕ್‌ಶಾಪಿನಲ್ಲಿ ಮಾಡಿಸಿಕೊಂಡು ಬಂದಿದ್ದರು. ಎಂಜಿನ್ನು ಕಲ್ಕತ್ತಾದಿಂದ ಪಾರ್ಸಲಿನಲ್ಲಿ ಬಂದದ್ದು. ಈ ದೋಣಿಯ ಹೆಸರು ಹೋವರ್‌ಕ್ರಾಫ್ಟ್ ಎಂದು ಹೇಳಿದರು. ಫ್ಯಾನಿನ ಗಾಳಿಯಲ್ಲಿ ಒಂದು ಪಾಲು ದೋಣಿಯ ಅಡಿಗೆ ಹೋಗಿ ಅದನ್ನು ನೆಲದಿಂದ ಎತ್ತಬೇಕು, ಉಳಿದದ್ದು ಹಿಂದಕ್ಕೆ ಹೋಗಿ ಅದನ್ನು ಮುಂದೆ ತಳ್ಳಬೇಕು. ಅಡಿಯ ಗಾಳಿ ಸುತ್ತಲೂ ಸೋರಿಹೋಗದಂತೆ ಅಂಚಿಗೆಲ್ಲ ಬಟ್ಟೆಯ ಲಂಗ ಬೇಕು. ಹಾಗಾದರೆ ಅದು ನೆಲದ ಮೇಲೂ ನೀರಿನ ಮೇಲೂ ಓಡುತ್ತದೆ. ಕೈಯಲ್ಲಿ ಹಿಡಿದ ರೇಡಿಯೋ ಪೆಟ್ಟಿಗೆಯಿಂದ ಅದನ್ನು ಎಡಕ್ಕೂ ಬಲಕ್ಕೂ ತಿರುಗಿಸಬಹುದು. ಮದುವೆಯಾದಂದಿನಿಂದ ಅವರು ನನ್ನೊಡನೆ ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು.

"ನಿಲ್ಲಸೋದು ಹ್ಯಾಂಗ್ರಿ?" ಎಂದೆ.

"ನಿಲ್ಲಸಾಕ ಬರಂಗಿಲ್ಲ. ಎಣ್ಣಿ ಮುಗಿದ್ರ ತಾನೇ ನಿಲ್ತದ."

ರೋಜಾ ಬಡಾವಣೆಯ ಅಂಗಡಿಯೊಂದರಿಂದ ಛತ್ರಿಯ ಬಟ್ಟೆ ತಂದುಕೊಟ್ಟರು. ನಾನು ಅದನ್ನು ಅಂಚಿಗೆ ಬಿಗಿಯಾಗಿ ಕೂರುವಂತೆ, ಒಳ್ಳೆ ಅಚ್ಚುಕಟ್ಟಾಗಿ ಹೊಲಿದೆ. ಅಂಗಳದಲ್ಲಿ ಎಂಜಿನ್ನು ಹಚ್ಚಿದಾಗ ದೋಣಿ ಒಂದು ಮಗ್ಗುಲಿಗೆ ವಾಲಿಕೊಂಡು ಗಿರಗಿರ ತಿರುಗಿತು, ಮೇಲೆ ಮಾತ್ರ ಏಳಲಿಲ್ಲ. ಅವರು ಎಂಜಿನ್ನಿನ ಶಕ್ತಿ ಸಾಲದು ಎಂದರು. ನನಗೆ ಹೊಲಿಗೆಯ ಮೇಲೆ ಅನುಮಾನ. ಅಂಗೈ ಹಿಡಿದು ನೋಡಿದರೆ ಸೂಜಿಯ ತೂತುಗಳಿಂದೆಲ್ಲ ಗಾಳಿ ಬರುತ್ತಿತ್ತು. ಎರಡನೆಯ ಲಂಗವನ್ನು ಮೂಲೆಗಳಲ್ಲಿ ಸಡಿಲ ಬಿಟ್ಟು ಹೊಲಿದೆ. ಸೈಕಲ್ ಟ್ಯೂಬಿಗೆ ಹಚ್ಚುವ ಸೊಲ್ಯೂಶನ್ನನ್ನು ಅವರು ಹೊಲಿಗೆಯ ಉದ್ದಕ್ಕೂ ಬಳಿದರು.

ಆ ಎಂಜಿನ್ನಿಗೆ ಬೇಕಾದ ಎಣ್ಣೆಯನ್ನೂ ಮನೆಯಲ್ಲೇ ಕಲಸಬೇಕು. ಈಥರ್, ಸೀಮೆಎಣ್ಣೆ, ಔಡಲೆಣ್ಣೆ. ಔಡಲೆಣ್ಣೆ ಅತ್ತೆಯವರ ಶೀಶೆಯಿಂದ ಹೋಗುತ್ತಿತ್ತು. ಈಥರಿನ ವಾಸನೆ ದೇವರಮನೆಯವರೆಗೂ ಬರುತ್ತಿತ್ತು.

"ಅಗಬಾಯಿ! ಇದೇನ್ ಮನಿ ಹೌದೋ, ದವಾಖಾನಿಯೋ?" ಎಂದು ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದರು. "ಇವನ ಹುಚ್ಚು ಸಾಲದಂತ ನೀನೂ ಸೇರಿಕೊಂಡೆಲ್ಲವಾ."

ಎರಡನೆಯ ಲಂಗ ತೊಟ್ಟ ದೋಣಿ ಅಂಗಳದಲ್ಲಿ ಎದ್ದಿತು. ಬೆರಳಿನಷ್ಟು, ಅಷ್ಟೇ. ಆದರೆ ಎದ್ದು, ಕಲ್ಲುಹಾಸಿನ ಮೇಲೆ ಜಾರಿ, ತುಳಸಿಕಟ್ಟೆಗೆ ಬಡಿದು ನಿಂತಿತು. ಎಂಜಿನ್ನು ಹಚ್ಚಲು ಫ್ಯಾನನ್ನು ಕೈಯಿಂದ ತಿರುವುವಾಗ ಅದು ಹಿಂದಕ್ಕೆ ಒದ್ದು ಅವರ ಬೆರಳು ಕೊಯ್ದಿತ್ತು. ಅವರಿಗೆ ಅದರ ಕಡೆ ಲಕ್ಷ್ಯವಿರಲಿಲ್ಲ.

ಓಡಿಸಲು ಬಯಲು ಬೇಕಾಯಿತು. ನನ್ನ ತವರು ಕಮಲಾಪುರ. ಅಣ್ಣನಿಗೆ ಅಲ್ಲಿ ಬಾಳೆತೋಟ. ಬೇಸಿಗೆಯಲ್ಲಿ ಹತ್ತಿರದ ಕೆರೆಯ ನೀರು ಇಳಿದು ದಂಡೆಯಲ್ಲಿ ನುಣ್ಣನೆಯ ನೆಲ ಬಿದ್ದಿದೆ, ಬನ್ನಿ ಎಂದ. ದೋಣಿಯನ್ನು ಹಳೆಯ ಸೀರೆಯಲ್ಲಿ ಸುತ್ತಿ ಬಸ್ಸು ಹತ್ತಿದೆವು. ಕಂಡಕ್ಟರ್ ಅದೇನೆಂದು ಕೇಳಿದ.

"ನೆಲದ ಮ್ಯಾಲೂ ಓಡ್ತದ, ನೀರಿನ ಮ್ಯಾಲೂ ಓಡ್ತದ," ಎಂದರು ಇವರು.

"ಮತ್ತ ಅದರ ಮ್ಯಾಲೇ ಹೋಗಬೇಕಿಲ್ಲೇನ್ರೀ ಸಾಹೇಬ್ರ, ನಮ್ ಬಸ್ ಯಾಕ ಹತ್ತೀರಿ?"

ಬಸ್ಸೆಲ್ಲ ನಕ್ಕಿತು. ಇವರೂ ನಕ್ಕರು.

ಕೆರೆಯ ದಂಡೆಯಲ್ಲಿ ಇವರು ದೋಣಿಯನ್ನು ನೆಲದ ಮೇಲಿಟ್ಟು, ಅದರ ಮೂತಿಯನ್ನು ನೀರಿಗೆ ವಿರುದ್ಧವಾಗಿ ತಿರುಗಿಸಿ ಕೂತರು. ಎಂಜಿನ್ನು ಹಚ್ಚಲು ಎರಡೂ ಕೈ ಬೇಕು. ಅದಕ್ಕೆ ರೇಡಿಯೋ ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟರು. "ಸುಮ್ಮ ಹಿಡಕೊಂಡು ನಿಂದ್ರು. ಎಂಜಿನ್ ಹತ್ತಿದ ಕೂಡಲೇ ನಾ ಓಡಿಬಂದು ಇಸ್ಕೋತೀನಿ."

ಎಂಜಿನ್ನು ಬಹಳ ಹೊತ್ತು ಹತ್ತಲಿಲ್ಲ. ಅಣ್ಣ ಬೇಸತ್ತು ಜಾಲಿಗಿಡದ ನೆರಳಿಗೆ ಹೋಗಿ ಕೂತ. ಆಮೇಲೆ ಅದು ಒಮ್ಮೆಲೆ ಕಿರುಚಿಕೊಂಡು ಹತ್ತಿತು. ಇವರು ಏಳುವಷ್ಟರಲ್ಲಿ ದೋಣಿ ಕೈತಪ್ಪಿ ಹೊರಟೇಬಿಟ್ಟಿತು, ನೇರ ಅಣ್ಣನ ಕಡೆಗೆ. ಅಣ್ಣ ಧೋತರ ಎತ್ತಿಕೊಂಡು ಓಡಿದ. ನಾನು ಪೆಟ್ಟಿಗೆಯ ಮೇಲಿನ ಕಡ್ಡಿಯನ್ನು ಎಡಕ್ಕೆ ಒತ್ತಿದೆ. ದೋಣಿಯ ಮೂತಿ ಎಡಕ್ಕೆ ತಿರುಗಿತು, ಮೈ ಮಾತ್ರ ಮುಂದಕ್ಕೇ ಅಡ್ಡಡ್ಡ ಜಾರಿತು. ಆಮೇಲೆ ನಿಧಾನವಾಗಿ ಮಾತು ಕೇಳಿತು.

ಇವರು ಏದುಸಿರು ಬಿಡುತ್ತ ಬಂದು ಕೈ ಚಾಚಿದರು. "ಕೊಡು ಇಲ್ಲಿ."

"ತಡೀರಿ," ಎಂದೆ.

"ಕೊಡಂದ್ರ!"

"ತಡೀರಿ, ಈಗ ಕೊಟ್ರ ಬಡೀತದ."

ಕೊಟ್ಟಿದ್ದರೆ ಬಡಿಯುತ್ತಿರಲಿಲ್ಲ. ನನಗೆ ಕೊಡಲು ಮನಸ್ಸಿರಲಿಲ್ಲ. ದೋಣಿಯನ್ನು ದೊಡ್ಡದಾಗಿ ಸುತ್ತು ಹಾಕಿಸಿ ನೀರಿನ ಕಡೆ ತಿರುಗಿಸಿದೆ. ಅದು ನೆಲ ಬಿಟ್ಟದ್ದೂ ನೀರು ಹಿಡಿದದ್ದೂ ಗೊತ್ತೇ ಆಗಲಿಲ್ಲ. ಸದ್ದು ಒಂದಿಷ್ಟು ಮೆತ್ತಗಾಯಿತು, ಸುತ್ತ ತುಂತುರು ಎದ್ದಿತು, ಅಷ್ಟೇ. ಇವರು ಚಾಚಿದ ಕೈ ಇಳಿಸಿ ನನ್ನ ಪಕ್ಕದಲ್ಲಿ ನಿಂತು ನೋಡಿದರು. ಕೆರೆಯ ನಡುವೆ ಎರಡು ಸಲ ತಿರುಗಿಸಿದೆ. ಮೂರನೆಯ ಸಲ ತಿರುಗಿಸುತ್ತಿದ್ದಾಗ ಎಣ್ಣೆ ಮುಗಿಯಿತು. ದೋಣಿ ಅಲ್ಲೇ ಕುಕ್ಕರಿಸಿತು.

ನಮ್ಮಿಬ್ಬರಿಗೂ ಈಜು ಬರುತ್ತಿರಲಿಲ್ಲ. ಗಾಳಿ ಈ ಕಡೆಗೇ ಬೀಸುತ್ತಿತ್ತು. ಅದೇ ತಂದು ದಂಡೆಗೆ ಹಚ್ಚೀತೆಂದು ಕೂತೆವು. ಬೈಯುತ್ತಾರೇನೋ ಅಂದುಕೊಂಡಿದ್ದೆ. ಅವರು ಮಣ್ಣಿನ ಮೇಲೆ ಕಡ್ಡಿಯಿಂದ ಗೆರೆ ಎಳೆದು ಕೇಳಿದರು.

"ತಿರುವಬೇಕಾದ್ರ ಹ್ಯಾಂಗ ಅನಸ್ತು?"

"ಎಲ್ಲಿ ತಿರುಗಬೇಕೋ ಅಲ್ಲಿ ತಿರುವಿದ್ರ ತಿರುಗಂಗಿಲ್ರಿ. ಭಾಳ ಮೊದಲೇ ತಿರುವಬೇಕು."

"ನೀರಿನ ಮ್ಯಾಲೆ?"

"ಇನ್ನೂ ಮೊದಲು."

ಹೀಗೇ ಒಂದೊಂದೇ ಕೇಳಿದರು. ಆ ಬಿಸಿಲಲ್ಲಿ ಕೂತು, ಅವರು ಚಿಕ್ಕಂದಿನಿಂದ ಏನೇನು ಕಟ್ಟಿ ಏನೇನು ಕೆಡಿಸಿದರೆಂದು ಹೇಳಿದರು. ನಾನು ಕಾಲೇಜು ಅರ್ಧಕ್ಕೆ ಬಿಟ್ಟದ್ದನ್ನು ಹೇಳಿದೆ. ಅದನ್ನು ಅವರು ಮೊದಲು ಕೇಳಿರಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ದೋಣಿ ದಂಡೆಯ ಹತ್ತಿರದ ಆಪಿನ ಹುಲ್ಲಿಗೆ ಸಿಕ್ಕಿಕೊಂಡು ನಿಂತಿತು. ಕೊನೆಗೆ ಅಣ್ಣ ಧೋತರ ಮೇಲಕ್ಕೆ ಕಟ್ಟಿ, ಸೊಂಟದ ನೀರಿನಲ್ಲಿ ಬೈದುಕೊಳ್ಳುತ್ತ ಹೋಗಿ ತಂದ. ದೋಣಿಯೊಳಗಿನ ರೇಡಿಯೋ ನೀರು ಕುಡಿದು ಕೆಟ್ಟಿತ್ತು. ಕಲಬುರಗಿಯಲ್ಲಿ ಅದನ್ನು ರಿಪೇರಿ ಮಾಡುವವರು ಯಾರೂ ಸಿಗಲಿಲ್ಲ.

ಮುಂದೆ ಬೇರೆ ರೇಡಿಯೋ ಸೆಟ್ಟು ಸಿಕ್ಕಾಗ ಇವರು ಕಾಲೇಜಿನ ಮೈದಾನದಲ್ಲಿ ತಾವೇ ಓಡಿಸಿದರು. ಅತ್ತೆಗೆ ಮೈಯಲ್ಲಿ ಹುಷಾರಿರಲಿಲ್ಲ, ನಾನು ಹೋಗಲಿಲ್ಲ. ದೋಣಿ ಸೈಕಲ್ ಸ್ಟ್ಯಾಂಡಿನ ಗೋಡೆಗೆ ಹೊಡೆದು ಎರಡು ತುಂಡಾಯಿತು. ಅವರಿಗೆ ಅಂಥ ಬೇಸರವೇನೂ ಆದಂತಿರಲಿಲ್ಲ. ಎಂಜಿನ್ನನ್ನು ವಿದ್ಯಾರ್ಥಿಗಳು ಕಟ್ಟುತ್ತಿದ್ದ ಮಾದರಿ ವಿಮಾನಕ್ಕೆ ಕೊಟ್ಟರು. ಶೆಡ್ಡಿನಲ್ಲಿ ಬೇರೆ ಕೆಲಸಗಳು ಶುರುವಾದವು. ಸಂಜೆ ಚಹಾ ಆದ ಮೇಲೆ ನಾನೂ ಅಲ್ಲಿ ಹೋಗಿ ಕೂರುತ್ತಿದ್ದೆ.