ಹರಿಗೋಲಿನ ಕೂಸು

ಎರಡನೆಯ ಸಲವೂ ಗರ್ಭ ನಿಲ್ಲದೆ ಹೋದ ಮೇಲೆ ನಾನು ಪಾಠ ಹೇಳುತ್ತಿದ್ದ ಶಾಲೆಗೆ ರಜೆ ಹಾಕಿ ಮನೆಯಲ್ಲೇ ಉಳಿದೆ. ತಮಿಳುನಾಡಿನ ಉತ್ತಮಪಾಳಯಂನ ಆ ಕನ್ನಡದ ಮನೆಯಲ್ಲಿ ಇದ್ದದ್ದು ನಾನು, ನನ್ನ ಗಂಡ, ಅವನ ತಾಯಿ. ಅತ್ತೆ ನನ್ನ ಅಪ್ಪನ ಸ್ವಂತ ಅಕ್ಕ. ಗಂಡನನ್ನು ಮಾತು ಬಂದಾಗಿನಿಂದ ಮಾಮಾ ಎಂದೇ ಕರೆದವಳು ನಾನು. ತೇನಿಯ ಡಾಕ್ಟರಮ್ಮ ನಮ್ಮ ಕಾಗದಗಳನ್ನು ತಿರುವಿಹಾಕಿ ತಮಿಳಿನಲ್ಲಿ, "ಸೊಂದತ್ತಿಲೇ ಕಲ್ಯಾಣಮಾ?" ಎಂದಿದ್ದರು. ರಕ್ತಸಂಬಂಧದಲ್ಲೇ ಮದುವೆಯಾದಿರಾ ಎಂಬ ಆ ಪ್ರಶ್ನೆಯನ್ನು ಮನೆಯಲ್ಲಿ ಯಾರೂ ಮತ್ತೆ ಎತ್ತಲಿಲ್ಲ. ಎತ್ತಿದರೆ ಅಪ್ಪನನ್ನೋ ಅತ್ತೆಯನ್ನೋ ದೂರಬೇಕಾಗುತ್ತಿತ್ತು.

ಆ ರಜೆಯಲ್ಲಿ ನಾನು ಗೇಮ್ ಆಡಲು ಕಲಿತೆ. ಮಾಮನಿಗೆ ದಿಂಡಿಗಲ್‌ನಲ್ಲಿ ಓದುತ್ತಿದ್ದಾಗಿನಿಂದ ಅದರ ಹುಚ್ಚು. ದ್ರಾಕ್ಷಿ ಬೆಳೆಯುವವರಿಗೆ ಔಷಧಿ, ಗೊಬ್ಬರ ಮಾರುವ ಅಂಗಡಿ ಅವನದು. ಮಧ್ಯಾಹ್ನ ಬಾಗಿಲೆಳೆದು ಊಟಕ್ಕೆ ಬಂದವನು ಟಿವಿ ಮುಂದೆ ಒಂದಿಷ್ಟು ಹೊತ್ತು ಕತ್ತಿ ಬೀಸಿ ಹೋಗುತ್ತಿದ್ದ. ಒಂದು ದಿನ ಕೈಯಲ್ಲಿದ್ದ ಕಂಟ್ರೋಲರನ್ನು ನನ್ನ ಮಡಿಲಿಗೆ ಹಾಕಿ, "ಸುಮ್ಮಾ ಕುಂತಿರ್ತೀಯ ತಾನೇ ಪುಳ್ಳೆ, ಕುದುರೆನಾದ್ರೂ ಓಡ್ಸು" ಎಂದ. ಪುಳ್ಳೆ, ಹುಡುಗಿ, ಎಂದೇ ಅವನು ನನ್ನನ್ನು ಕರೆಯುವುದು.

ಓಡಿಸಿದೆ. ಎದೆಯುದ್ದ ಹುಲ್ಲು, ಅದರ ಮೇಲೆ ಗಾಳಿ, ದೂರದಲ್ಲಿ ನಮ್ಮ ಕಂಬಂ ಕಣಿವೆಯ ಮಲೆಗಳಂತೆಯೇ ನೀಲಿಯಾದ ಗುಡ್ಡಗಳು. ಗುಡ್ಡ ಕಂಡರೆ ಹತ್ತಬಹುದಿತ್ತು. ಸಿನಿಮಾದ ಹಾಗೆ ಬರೀ ಚಿತ್ರವಲ್ಲ. ಮೇಲೆ ಹತ್ತಿ ನಿಂತು ಕೆಳಗಿನ ಊರುಗಳ ಹೊಗೆ ನೋಡುತ್ತಾ, ಎಷ್ಟೋ ದಿನದ ಮೇಲೆ, ನನ್ನ ಹೊಟ್ಟೆಯ ಬಗ್ಗೆ ಯೋಚಿಸದೆ ಅರ್ಧ ಗಂಟೆ ಕಳೆದೆ. ಸಾವಿರಾರು ಜನ ವರ್ಷಗಟ್ಟಲೆ ಕೂತು ಮಾಡಿದ ಆಟವಂತೆ. ಹುಲ್ಲಿನ ಎಸಳೆಸಳಿಗೂ ನೆರಳಿತ್ತು.

ಸಿಟ್ಟು ಬರಿಸುವುದೂ ಬೇಕಾದಷ್ಟಿತ್ತು. ಯಾರೋ ಮುದುಕಿಯ ಕಳೆದುಹೋದ ಮೇಕೆ ಹುಡುಕಿಕೊಡಬೇಕು, ಯಾರದೋ ಗಾಯಕ್ಕೆ ಬೇರು ಕಿತ್ತು ತರಬೇಕು. ಮಾಮನಿಗೆ ಈ ಚಾಕರಿ ಎಂದರೆ ಆಗದು. ನಾನು ಖುಷಿಯಿಂದ ಮಾಡುತ್ತಿದ್ದೆ. ರಾಜರು ಬಾಯಿ ತೆರೆದರೆ ಭಾಷಣ ಮುಗಿಯುವ ತನಕ ಗುಂಡಿ ಒತ್ತಿದರೂ ಬಿಡುವುದಿಲ್ಲ. ರಾಕ್ಷಸನ ಪ್ರಾಣ ಇನ್ನೇನು ಹೋಗಬೇಕು, ಕರೆಂಟು ಹೋಗುತ್ತಿತ್ತು. ಒಂದು ಅಪ್‌ಡೇಟ್ ಬಂತೆಂದರೆ ನಮ್ಮ ಬೀದಿಯ ಇಂಟರ್ನೆಟ್ಟಿನಲ್ಲಿ ಅದು ಇಳಿಯುವಷ್ಟರಲ್ಲಿ ಕಥೆಯೇ ಮರೆತಿರುತ್ತಿತ್ತು.

ಅತ್ತೆಗೆ ಆ ಪೆಟ್ಟಿಗೆಯ ಮೇಲೆ ದ್ವೇಷ. "ಅದ್ರ ಮುಂದೆ ಕುಂತ್ರೆ ಮೈ ಸೂಡಾಗ್ತದೆ. ಉಷ್ಣ ಏರಿದ್ರೆ ಕೂಸು ಎಂಗೆ ನಿಲ್ತದೆ?" ಎನ್ನುತ್ತಿದ್ದರು. ನಾನು ಅದರ ಮುಂದೆ ಕುಳಿತದ್ದೇ ಎರಡೂ ಹೋದ ಮೇಲೆ ಎಂದು ನಾನು ಹೇಳಲಿಲ್ಲ.

ಶಾಲೆಗೆ ಮರಳಿದ ಮೇಲೆ ಭಾನುವಾರಗಳಂದು ಮಾತ್ರ ಇಬ್ಬರೂ ಕೂತು ಆಡುತ್ತಿದ್ದೆವು. ಯಾವ ದಾರಿ, ಯಾವ ಕತ್ತಿ ಎಂದು ಜಗಳವಾಡುತ್ತಿದ್ದೆವು. ಬೇರೆ ಯಾವುದಕ್ಕೂ ಜಗಳವಾಡುವ ಧೈರ್ಯ ನಮಗಿರಲಿಲ್ಲ.

ಅಂಥ ಒಂದು ಭಾನುವಾರ ಆಟದಲ್ಲಿ ಪ್ರವಾಹ ಬಂತು. ಮುಳುಗುತ್ತಿರುವ ಊರಿನ ಕೊನೆಯ ಮನೆಯಲ್ಲಿ ಬುಟ್ಟಿಯೊಳಗೆ ಒಂದು ಕೂಸು. ಪಕ್ಕದಲ್ಲಿ, ದಡದ ಮೇಲಿನ ಜನರನ್ನು ಚಳಿಯಿಂದ ಕಾಪಾಡುವ ಬೆಂಕಿಯ ಕಲ್ಲು. ಹರಿಗೋಲಿನಲ್ಲಿ ಒಂದಕ್ಕೇ ಜಾಗ. ಮಾಮ ಒಂದು ಕ್ಷಣವೂ ತಡೆಯದೆ ಕಲ್ಲನ್ನು ಎತ್ತಿಕೊಂಡ. ಬುಟ್ಟಿ ತಿರುಗುತ್ತಾ ತಿರುಗುತ್ತಾ ಕತ್ತಲೆಯೊಳಕ್ಕೆ ಹೋಯಿತು. ಅಳು ಸ್ವಲ್ಪ ಹೊತ್ತು ಕೇಳಿಸಿತು.

ನಾನು ಅವನ ಕಡೆ ತಿರುಗಿದೆ. "ಒಂದು ಗಳಿಗೆ ಯೋಚ್ನೆ ಮಾಡ್ಬಾರ್ದಾ ಮಾಮಾ?"

"ಆಟ ತಾನೇ ಪುಳ್ಳೆ" ಎಂದ. ನನ್ನ ಮುಖ ನೋಡಲಿಲ್ಲ.

ನಾನು ಎದ್ದು ಅಡುಗೆಮನೆಗೆ ಹೋದೆ. ಮುಂದೆ ಹಲವು ದಿನ ಅವನೊಂದಿಗೆ ಊಟಕ್ಕೆ ಬಾ, ನೀರು ತಗೋ ಎಂಬಷ್ಟೇ ಮಾತು. ಅಷ್ಟು ಬೇಗ ಬಿಟ್ಟುಕೊಟ್ಟನಲ್ಲ ಎಂಬುದೇ ಮನಸ್ಸಿನಲ್ಲಿ ಕೊರೆಯುತ್ತಿತ್ತು.

ಶಾಲೆಗೆ ರಜೆಯಿದ್ದ ಒಂದು ದಿನ, ಅವನು ಅಂಗಡಿಯಲ್ಲಿದ್ದಾಗ, ಪ್ರವಾಹಕ್ಕೆ ಮುಂಚೆ ಉಳಿಸಿಟ್ಟಿದ್ದ ಹಳೆಯ ಸೇವ್ ತೆರೆದು ನಾನೇ ಆ ಮನೆಗೆ ಹೋದೆ. ಕಲ್ಲನ್ನು ಬಿಟ್ಟು ಕೂಸನ್ನು ಎತ್ತಿಕೊಂಡೆ. ದಡ ಸೇರಿದೆವು. ಕಲ್ಲಿಲ್ಲದ ಆ ದಡದಲ್ಲಿ ಬೆಳಗಾಗುವ ಮುಂಚೆ ಕೂಸು ನನ್ನ ಕೈಯಲ್ಲೇ ಚಳಿಗೆ ಸತ್ತಿತು. ಮತ್ತೆ ಹಿಂದಕ್ಕೆ ಹೋಗಿ ಮೊದಲೇ ಕಂಬಳಿ ಕೊಂಡೆ. ಸತ್ತಿತು. ಬೇಗ ಹುಟ್ಟು ಹಾಕಿದೆ, ಬೇರೆ ದಡಕ್ಕೆ ಹೋದೆ. ಅಲ್ಲೂ ಸತ್ತಿತು. ಕೊನೆಗೆ ಫೋನಿನಲ್ಲಿ ಹುಡುಕಿದರೆ ಊರೂರಿನ ಆಟಗಾರರು ಅದನ್ನೇ ಬರೆದಿದ್ದರು: ಯಾವ ದಾರಿಯೂ ಇಲ್ಲ. ಆಟ ಮಾಡಲು ಅಷ್ಟು ಜನ, ಅಷ್ಟು ವರ್ಷ, ಅಷ್ಟು ಹಣ. ಒಬ್ಬರಿಗೂ ಅದನ್ನು ಬದುಕಿಸಬೇಕು ಅನಿಸಿರಲಿಲ್ಲ.

ಮಾಮ ಊಟಕ್ಕೆ ಬಂದಾಗ ನಾನು ಅಳುತ್ತಾ ಕೂತಿದ್ದೆ. ಟಿವಿಯನ್ನು ನೋಡಿದ ಕೂಡಲೇ ಅವನಿಗೆ ಅರ್ಥವಾಯಿತು.

"ನೀನೂ ಎತ್ಕೊಂಡ್ಯಾ?" ಎಂದ.

"ನೀನೂ ಅಂದ್ರೆ?"

"ನೀನು ಸ್ಕೂಲಿಗೆ ಹೋಗಿದ್ದಾಗ ನಾನು ಮೊದ್ಲೇ ಎತ್ತಿ ನೋಡಿದ್ನಿ. ಕೈಯಾಗೆ ಸಾಯ್ತದೆ. ಅದನ್ನ ನೀನು ನೋಡ್ಬಾರ್ದು ಅಂತ, ಆವತ್ತು ಕಲ್ಲು ಎತ್ಕೊಂಡ್ನಿ."

ಅವನು ಶರ್ಟಿನ ತೋಳಿನಿಂದ ಮೂಗೊರೆಸಿಕೊಂಡು ನೆಲದ ಮೇಲೆ ಕೂತ.

"ನಮ್ದನ್ನೂ ನನ್ ಕೈಗೇ ಕೊಟ್ರು" ಎಂದ. "ಬಟ್ಟೇಲಿ ಸುತ್ತಿ. ಆಸ್ಪತ್ರೆಯೋರೇ ನೋಡ್ಕೊಂಡ್ರು ಅಂತ ನಿಂಗೆ ಸುಳ್ಳು ಹೇಳ್ದೆ. ನಾನೇ ತೋಟಕ್ಕೆ ಒಯ್ದು ಮಣ್ಣು ಮಾಡ್ದೆ."

ಎರಡನೆಯದು ಅದು, ಐದನೆಯ ತಿಂಗಳಿನದು. ನನಗೆ ಮಂಪರು ಬರಿಸಿದ್ದರು. ಅದು ಎಲ್ಲಿಗೆ ಹೋಯಿತೆಂದು ಕೇಳಲು ನನಗೂ ಬಾಯಿ ಬಂದಿರಲಿಲ್ಲ.

"ಗಂಡಾ, ಹೆಣ್ಣಾ?"

"ಹೆಣ್ಣು."

ಮುಂದಿನ ಭಾನುವಾರ ಬೈಕಿನಲ್ಲಿ ಕಾಮಯಗೌಂಡನ್‌ಪಟ್ಟಿಯಲ್ಲಿದ್ದ ನಮ್ಮ ದ್ರಾಕ್ಷಿತೋಟಕ್ಕೆ ಹೋದೆವು. ಚಪ್ಪರದ ತುಂಬ ಕಾಯಿ ಬಿಟ್ಟಿತ್ತು. ಕೂಲಿ ಹೆಂಗಸರು ಗೊಂಚಲು ಬಿಡಿಸುತ್ತಾ ಜೋರಾಗಿ ನಗುತ್ತಿದ್ದರು. ಮಾಮ ಕಾಲುವೆಯ ಏರಿಯ ಕಡೆ ನಡೆದು ನಿಂತುಬಿಟ್ಟ. ಯಾರೋ ಯಂತ್ರ ತಂದು ಕಾಲುವೆಯ ಹೂಳೆತ್ತಿ ಏರಿಯುದ್ದಕ್ಕೂ ಸುರಿದಿದ್ದರು.

"ಇಲ್ಲೇ" ಎಂದ. ಎರಡು ಹೆಜ್ಜೆ ಹೋಗಿ, "ಇಲ್ಲ, ಆ ಕಲ್ಲಿಂದ ಆಚೆ ಇರ್ಬೇಕು" ಎಂದ. ಒಣಗಿದ ಕೆಸರಿನ ಹೆಂಟೆಗಳನ್ನು ಕಾಲಿನಿಂದ ಸರಿಸಿ ನೋಡಿದ. ನಾನು ಅವನ ಕೈ ಹಿಡಿದು, ಸಾಕು ಬಾ ಎಂದೆ. ತಂದಿದ್ದ ಮಲ್ಲಿಗೆಯನ್ನು ಎಲ್ಲಿಡಬೇಕೆಂದು ತಿಳಿಯದೆ ಬಳ್ಳಿಯ ಕಂಬಕ್ಕೆ ಸುತ್ತಿ ಬಂದೆವು.

ಆ ದಿನ ಊಟಕ್ಕೆ ಕೂತಾಗ ಅತ್ತೆ ಎಂದಿನಂತೆ ಮಧುರೆಯ ಯಾವುದೋ ಡಾಕ್ಟರ ಮಾತೆತ್ತಿದರು. ಮಾಮ ತಟ್ಟೆಯಿಂದ ತಲೆಯೆತ್ತದೆ, "ಇನ್ನು ಅದರ ಮಾತು-ಪೇಚು ಬ್ಯಾಡಮ್ಮಾ. ನಾವು ಬ್ಯಾಡಾಂತ ಮುಡಿವು ಮಾಡೀವಿ" ಎಂದ. ನಾವು ಅಂಥ ತೀರ್ಮಾನವನ್ನೇ ಮಾಡಿರಲಿಲ್ಲ. ನಾನು ಮೊದಲು ಕೇಳಿದ್ದೂ ಆಗಲೇ. ಅತ್ತೆ ನನ್ನ ಕಡೆ ನೋಡಿದರು. ನಾನು ಅಲ್ಲ ಎನ್ನಲಿಲ್ಲ. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಎದ್ದು ಹಿತ್ತಲಿಗೆ ಹೋದರು.

ಆಟವನ್ನು ನಾವು ಮುಗಿಸಿದೆವು, ಮಳೆಗಾಲ ಬಂದ ಮೇಲೆ. ಕೊನೆಯ ಡ್ರ್ಯಾಗನ್ ಸತ್ತಾಗ ಇಬ್ಬರಿಗೂ ಏನೂ ಅನಿಸಲಿಲ್ಲ. ಪರದೆಯ ಮೇಲೆ ಅದನ್ನು ಮಾಡಿದವರ ಹೆಸರುಗಳು ಏರತೊಡಗಿದವು, ಮುಗಿಯುವಂತೆಯೇ ಕಾಣಲಿಲ್ಲ. ಬಹಳ ಹೊತ್ತಿನ ಮೇಲೆ ಬೇರೊಂದು ತಲೆಬರಹ ಬಂತು: ಈ ಆಟ ತಯಾರಾಗುತ್ತಿದ್ದ ವರ್ಷಗಳಲ್ಲಿ ನಮ್ಮ ಮನೆಗಳಲ್ಲಿ ಹುಟ್ಟಿದ ಮಕ್ಕಳು. ಅದರ ಕೆಳಗೆ ಮತ್ತೆ ಹೆಸರುಗಳು.

ಮಾಮ ಆಫ್ ಮಾಡಲು ಕೈ ಚಾಚಿದ.

"ಇರ್ಲಿ ಮಾಮಾ" ಎಂದೆ. "ಓಡ್ಲಿ ಬಿಡು."

ಎಲ್ಲಾ ಯಾವ್ಯಾವುದೋ ದೇಶದ ಮಕ್ಕಳ ಹೆಸರುಗಳು. ಹೇಗೆ ಕರೆಯುವುದೋ ನನಗೆ ಗೊತ್ತಿರಲಿಲ್ಲ. ಆದರೂ ಒಂದೊಂದನ್ನೇ ಬಾಯಿಬಿಟ್ಟು ಓದಿದೆ. ಅವನು ಪಕ್ಕದಲ್ಲಿ ಕೂತು ಕೇಳಿದ.