ಕುಬರಾ ಬಾಯಿಗೆ ಬಾರದ ಪದ

ಭಾಲ್ಕಿಯ ಸಾಲೆಯ ಗೇಟಿನ ಹೊರಗೆ, ಬೇವಿನ ಗಿಡದ ನೆರಳಿನಲ್ಲಿ ಕುಬರಾ ಬೆಳಗಿನಿಂದ ನಿಂತೇ ಇದ್ದಳು. ಒಳಗೆ ಏಳನೇ ಜಮಾತಿನ ಗಣಿತದ ಪರೀಕ್ಷೆ ನಡೆದಿತ್ತು. ಔರಾದಿನ ಸಾಲೆಯಲ್ಲಿ ಅವಳೇ ಗಣಿತ ಕಲಿಸಿ, ಬಸ್ಸಿನಲ್ಲಿ ಕರೆತಂದಿದ್ದ ನಾಲ್ವರು ಹುಡುಗಿಯರು ಗೋಡೆಯಾಚೆ ಕೂತು ಬರೆಯುತ್ತಿದ್ದರು. ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಅದು ಎರಡನೇ ಬೇಸಿಗೆ. ಗಣಿತದ ಪ್ರಶ್ನೆಪತ್ರಿಕೆ ಪೂರ್ತಿ ಕನ್ನಡದಲ್ಲಿ ಬಂದದ್ದು ಅದೇ ಮೊದಲು.

ಗಂಟೆ ಹೊಡೆಯಿತು. ಮಕ್ಕಳು ಹೋ ಎಂದು ಹೊರಗೆ ನುಗ್ಗಿದರು. ಎಲ್ಲರಿಗಿಂತ ಹಿಂದೆ ಬಂದವಳು ಸತ್ಯಮ್ಮ, ಕುರಿ ಕಾಯುವ ಮಡೆಪ್ಪನ ಮಗಳು. ಕುಬರಾ ಹೆಚ್ಚು ನಂಬಿಕೆ ಇಟ್ಟುಕೊಂಡಿದ್ದು ಅವಳ ಮೇಲೆಯೇ. ಹುಡುಗಿಯ ತುಟಿ ಒಣಗಿತ್ತು, ಬೆರಳ ತುಂಬ ಮಸಿ.

"ಬಾಯೋರೆ, ಕರ್ಣ ಅಂದ್ರ ಏನ್ರಿ?"

ಗಣಿತದಲ್ಲಿ ಆ ಪದವನ್ನು ಕುಬರಾ ಎಂದೂ ಕೇಳಿರಲಿಲ್ಲ.

"ಒಂದು ತ್ರಿಕೋನ ಕೊಟ್ಟಾರ್ರಿ. ಅದರ ಕರ್ಣ ಇಪ್ಪತ್ತೈದು ಅಂತ, ಒಂದು ಭುಜ ಏಳು ಅಂತ. ಇನ್ನೊಂದು ಕಂಡುಹಿಡಿ ಅಂದಾರ. ನಾ ಎರಡೂ ವರ್ಗ ಮಾಡಿ ಕೂಡಿಸ್ದೆ. ಆರುನೂರಾ ಎಪ್ಪತ್ನಾಲ್ಕು ಬಂತು. ಅದರ ಮೂಲ ಬರಲೇ ಇಲ್ರಿ. ತೆಗೆದೆ, ಮತ್ತ ತೆಗೆದೆ, ಅಷ್ಟರಾಗ ಹೊತ್ತೇ ಮುಗೀತು. ಹಿಂದಿನ ಲೆಕ್ಕಗೋಳು ಹಂಗೇ ಉಳದ್ವು."

ಪಕ್ಕದಲ್ಲಿ ತನ್ನ ಮಕ್ಕಳನ್ನು ಎಣಿಸುತ್ತಿದ್ದ ಬೇರೆ ಸಾಲೆಯ ಪಂಢರಿ ಮಾಸ್ತರ ಇದನ್ನು ಕೇಳಿಸಿಕೊಂಡು ತಿರುಗಿದ. "ಕರ್ಣ ಅಂದ್ರ ನಮ್ಮ ಉರ್ದು ವತರ್ ರೀ ಬಾಯೋರೆ. ಕಾಯಿಮಾ ಮೂಲಿ, ಅದೇ ಲಂಬಕೋನ, ಅದರ ಎದುರಿಗಿ ಇರ್ತದಲ್ಲ, ಉದ್ದನ್ನ ಗೆರಿ. ಅದು."

ಸತ್ಯಮ್ಮ ಅಲ್ಲೇ ಕುಕ್ಕರುಗಾಲಿನಲ್ಲಿ ಕೂತಳು. ಬೇವಿನ ಕಡ್ಡಿಯಿಂದ ಮಣ್ಣಿನಲ್ಲಿ ತ್ರಿಕೋನ ಬರೆದು, ಉದ್ದ ಗೆರೆಯ ಮೇಲೆ ಇಪ್ಪತ್ತೈದು ಎಂದು ಇಟ್ಟಳು. ಈ ಸಲ ಕೂಡಿಸಲಿಲ್ಲ, ಕಳೆದಳು. ಐದುನೂರಾ ಎಪ್ಪತ್ತಾರು. ಮೂಲ ತೆಗೆಯಲು ಅವಳಿಗೆ ಕಡ್ಡಿಯೂ ಬೇಕಾಗಲಿಲ್ಲ.

"ಇಪ್ಪತ್ನಾಲ್ಕು," ಅಂದಳು. "ಇಪ್ಪತ್ನಾಲ್ಕು ಇತ್ರಿ ಬಾಯೋರೆ."

ಆಮೇಲೆ ಎದ್ದು ನಿಂತು, ಬರೆದದ್ದನ್ನು ಕಾಲಿನಿಂದ ಒರೆಸಿದಳು. ಔರಾದಿನ ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಕುಬರಾ ಹಿಂದಿನ ಸೀಟಿನಲ್ಲಿ ಕೂತು ಅವಳ ಜಡೆಯನ್ನೇ ನೋಡುತ್ತ ಬಂದಳು.

ಕುಬರಾ ಬೀದರದವಳು. ಓದಿದ್ದೆಲ್ಲ ಉರ್ದುವಿನಲ್ಲಿ. ಬೀದರದ ಹೆಣ್ಣುಮಕ್ಕಳ ಸಾಲೆಯಲ್ಲಿ ಏಳೆಂಟು ವರ್ಷ ರೇಖಾಗಣಿತ ಕಲಿಸಿದ್ದಳು. ತ್ರಿಕೋನ ಎಂದರೆ ಅವಳ ಪಾಲಿಗೆ ಮುಸಲ್ಲಸ್, ಕೋನ ಎಂದರೆ ಜಾವಿಯಾ. ಮನೆಯಲ್ಲಿ ದಖ್ಖನಿ, ಬಜಾರಿನಲ್ಲಿ ಕನ್ನಡ. ಕನ್ನಡ ಮಾತು ನೀರಿನಂತೆ ಬರುತ್ತಿತ್ತು. ಅಕ್ಷರ ಮಾತ್ರ ಒಂದೂ ಬರುತ್ತಿರಲಿಲ್ಲ. ರಾಜ್ಯ ಬದಲಾದ ಮೇಲೆ ಸಾಲೆಗಳೂ ಬದಲಾದವು, ಅವಳಿಗೆ ಔರಾದಿಗೆ ವರ್ಗವಾಯಿತು. ಮುದಿ ತಾಯಿ ಅಕ್ತರಬೀಯನ್ನು ಬೀದರದ ಓಣಿಯಲ್ಲೇ ಬಿಟ್ಟು, ತಾನೊಬ್ಬಳೇ ಹೋಗಿ ಹಾಜರಾದಳು.

ಮೊದಲ ದಿನವೇ ಹೆಡ್ ಮಾಸ್ತರ ಕಾಶೀರಾಮ ಕೇಳಿದ್ದ: "ಕನ್ನಡ ಓದ್ಲಾಕ್ ಬರ್ತದಲ್ರಿ ಬಾಯೋರೆ? ಬರಲ್ಲ ಅಂದೋರ್ನ ಕೆಳಗಿನ ಜಮಾತಿಗಿ ಹಾಕ್ರಿ, ಇಲ್ಲ ಮನಿಗಿ ಕಳಸ್ರಿ ಅಂತ ಹುಕುಂ ಬಂದದ."

"ಬರ್ತದ್ರಿ, ಸ್ವಲ್ಪ ಸಾವಕಾಶ," ಎಂದಿದ್ದಳು ಕುಬರಾ. ಆ ಸುಳ್ಳು ಹೇಗೆ ಬಾಯಿಗೆ ಬಂತೋ ಅವಳಿಗೇ ತಿಳಿಯಲಿಲ್ಲ. ಒಮ್ಮೆ ಬಂದ ಮೇಲೆ ಅದನ್ನು ದಿನಾ ಸಾಕಬೇಕಾಯಿತು.

ಕಲಿಸುವುದರಲ್ಲಿ ಮಾತ್ರ ಅವಳು ಏನೂ ಕಡಿಮೆ ಮಾಡಲಿಲ್ಲ. ಸಾಲೆಯ ಅಂಗಳದ ಕರಿಮಣ್ಣಿನಲ್ಲಿ ಗೂಟ ಹೊಡೆಸಿ, ಗಂಟು ಹಾಕಿದ ಹಗ್ಗ ಎಳೆದು, ಲಂಬಕೋನ ಹೇಗೆ ಹುಟ್ಟುತ್ತದೆ ಎಂದು ತೋರಿಸಿದಳು. ಪಾಟಿಯ ಮೇಲಿನ ಅಂಗೈಯಗಲದ ತ್ರಿಕೋನವನ್ನು ಅಂಗಳದ ತುಂಬ ದೊಡ್ಡದಾಗಿ ಬರೆಸಿ, "ಗೆರಿ ಎಲ್ಲಾ ಬೆಳದ್ವು, ಮೂಲಿ ಬೆಳದ್ವಾ? ಅಳ್ದು ನೋಡ್ರಿ," ಎಂದಳು. ಅಳೆದು ನೋಡಿ ಸತ್ಯಮ್ಮ ಬೆರಗಾದಳು. ಅನುಪಾತಕ್ಕೆ ಉರ್ದುವಿನಲ್ಲಿ ನಿಸ್ಬತ್ ಎನ್ನುತ್ತಾರೆ. ಹೆಣ್ಣು ಗಂಡು ಗೊತ್ತು ಮಾಡುವುದಕ್ಕೂ ಮುಸಲ್ಮಾನರ ಓಣಿಯಲ್ಲಿ ಅದೇ ಪದ. ಕುಬರಾ ಹಲಗೆಯ ಮುಂದೆ ನಿಂತು "ಈ ಗೆರಿಗೂ ಆ ಗೆರಿಗೂ ನಿಸ್ಬತ್ ಏನು?" ಎಂದಾಗಲೆಲ್ಲ ಹುಡುಗಿಯರು ಸೆರಗಿನಲ್ಲಿ ಮುಖ ಮುಚ್ಚಿ ನಗುತ್ತಿದ್ದರು. ಅವಳೂ ನಗುತ್ತಿದ್ದಳು.

ಚಳಿಗಾಲ ಕಳೆಯುವ ಹೊತ್ತಿಗೆ ಮೈಸೂರಿನ ಕಡೆಯಿಂದ ಹೊಸ ಕನ್ನಡ ಗಣಿತದ ಪುಸ್ತಕ ಬಂತು. ಔರಾದಿನ ಸಾಲೆಗೆ ಸಿಕ್ಕಿದ್ದು ಒಂದೇ ಪ್ರತಿ. ಕಾಶೀರಾಮ ಅದನ್ನು ಕುಬರಾಳ ಕೈಗೆ ಕೊಟ್ಟ. ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಅದನ್ನು ಬಿಚ್ಚಿದಳು. ಚಿತ್ರಗಳೆಲ್ಲ ಅವಳಿಗೆ ಗುರುತಿನವು. ಪ್ರತಿಯೊಂದು ತ್ರಿಕೋನವೂ, ಪ್ರತಿಯೊಂದು ವೃತ್ತವೂ ಹಳೆಯ ನೆಂಟರಂತೆ ಕಂಡವು. ಅವುಗಳ ಕೆಳಗಿದ್ದ ಬರಹ ಮಾತ್ರ ಇರುವೆಯ ಸಾಲು. ಲೆಕ್ಕ ಅದೇ ತಾನೆ, ಗೆರೆ ಅದೇ ತಾನೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು ಪುಸ್ತಕವನ್ನು ಟ್ರಂಕಿನೊಳಗೆ ಇಟ್ಟಳು. ಹುಡುಗಿಯರು ಕೇಳಿದರೆ, "ನಾ ಓದ್ತಾ ಇದ್ದೇನಿ, ಆಮ್ಯಾಲ ಕೊಡ್ತೇನಿ," ಎನ್ನುವಳು. ಕೊಡಲೇ ಇಲ್ಲ. ಕೊಟ್ಟರೆ ಸತ್ಯಮ್ಮನಂಥವಳು ಎದ್ದು ನಿಂತು, ಇದರ ಅರ್ಥ ಏನು ಬಾಯೋರೆ ಎಂದು ಬೆರಳಿಟ್ಟು ಕೇಳಿಯೇ ಕೇಳುತ್ತಾಳೆ. ಆಗ ಏನು ಹೇಳುವುದು?

ಮೇ ತಿಂಗಳಲ್ಲಿ ಫಲಿತಾಂಶ ಬಂತು. ನಾಲ್ವರಲ್ಲಿ ಇಬ್ಬರು ಹೇಗೋ ದಾಟಿಕೊಂಡಿದ್ದರು. ಉಳಿದಿಬ್ಬರು ಗಣಿತದಲ್ಲಿ ನಪಾಸು. ಅವರಲ್ಲಿ ಸತ್ಯಮ್ಮ ಒಬ್ಬಳು. ಆ ಒಂದು ತ್ರಿಕೋನ ಸರಿಯಾಗಿದ್ದರೆ ಅವಳೂ ಪಾಸಾಗುತ್ತಿದ್ದಳು.

ಸತ್ಯಮ್ಮನ ವಿಷಯದಲ್ಲಿ ಪಾಸು ನಪಾಸು ಬರೀ ಪಾಸು ನಪಾಸು ಆಗಿರಲಿಲ್ಲ. ಏಳನೇ ಜಮಾತು ಮುಗಿಸಿದವರಿಗೆ ಬೀದರದಲ್ಲಿ ಮಾಸ್ತರಿಕೆಯ ಟ್ರೇನಿಂಗ್ ಇತ್ತು. ಹುಡುಗಿಗೆ ಅದರ ಆಸೆ. ಅಪ್ಪ ಮಡೆಪ್ಪ, "ಪಾಸಾದ್ರ ಕಳಸ್ತೇನಿ, ಇಲ್ಲಂದ್ರ ಮೆಹಕರದವ್ರಿಗಿ ಹೂಂ ಅಂತೇನಿ," ಎಂದು ಊರ ನಾಲ್ಕು ಮಂದಿಯ ಎದುರಿಗೇ ಹೇಳಿದ್ದ. ಮೆಹಕರದ ಬೀಗರು ಹೋದ ವರ್ಷವೇ ಕೇಳಿ ಹೋಗಿದ್ದರು. ಮಳೆಗಾಲಕ್ಕೆ ಮುಂಚೆ ಲಗ್ನವಾಗಬೇಕೆಂದು ಈಗ ಮತ್ತೆ ಹೇಳಿ ಕಳಿಸಿದ್ದರು.

ಕುಬರಾ ಬೀದರದ ಬಸ್ಸು ಹತ್ತಿದಳು. ಶಿಕ್ಷಣ ಇಲಾಖೆಯ ದೊಡ್ಡ ಕಚೇರಿಗೆ ಹೋಗಿ ಹುಡುಗಿಯ ಉತ್ತರ ಇನ್ನೊಮ್ಮೆ ನೋಡಿ ಎಂದು ಕೇಳುವುದು ಅವಳ ವಿಚಾರ. ದಾರಿಯಲ್ಲಿ ತಾಯಿಯ ಮನೆಗೆ ಹೋದಳು. ಮಗಳು ಹೇಳಿದ್ದನ್ನು ಕೇಳುತ್ತಲೇ ಅಕ್ತರಬೀ ಅಡಕೊತ್ತು ಕೆಳಗಿಟ್ಟಳು. ನೀನು ಹೇಳಿಕೊಡಲಿಲ್ಲ ಅಂತ ನೀನೇ ಹೋಗಿ ಹೇಳುತ್ತೀಯಾ, ಹೇಳಿದರೆ ನಿನ್ನ ನೌಕರಿ ಉಳಿಯುತ್ತದಾ, ಆ ಕುರುಬರ ಹುಡುಗಿ ನಾಳೆ ನಿನಗೆ ರೊಟ್ಟಿ ಹಾಕುತ್ತಾಳಾ ಎಂದು ದಖ್ಖನಿಯಲ್ಲಿ ಅತ್ತಳು. ಕುಬರಾ ಬುರ್ಖಾ ಹಾಕಿಕೊಂಡು ಹೊರಟಳು.

ಕಚೇರಿಯ ಸಾಹೇಬರು ಮೈಸೂರಿನ ಕಡೆಯಿಂದ ಹೊಸದಾಗಿ ಬಂದವರು. ಸೌಮ್ಯ ಮನುಷ್ಯ. ಕುರ್ಚಿ ತೋರಿಸಿ, ಕರ್ಣದ ಸಂಗತಿಯನ್ನೆಲ್ಲ ಕೇಳಿಸಿಕೊಂಡರು.

"ನೋಡೀಮ್ಮ, ಆ ಪದ ಪುಸ್ತಕದಲ್ಲಿದೆ. ಪಾಠ ಮಾಡಿದ್ದೀರಿ ತಾನೆ?"

ಇಲ್ಲಿಗೆ ಬರುವವರೆಗೂ ಏನು ಹೇಳಬೇಕೆಂದು ಕುಬರಾ ಗಟ್ಟಿ ಮಾಡಿಕೊಂಡಿರಲಿಲ್ಲ. ಪುಸ್ತಕ ತಡವಾಗಿ ಬಂತು ಎನ್ನಬಹುದಿತ್ತು. ಒಂದೇ ಪ್ರತಿ ಇತ್ತು ಎನ್ನಬಹುದಿತ್ತು. ಅವೆರಡೂ ನಿಜವೇ. ಆದರೆ ಕಣ್ಣ ಮುಂದೆ ಮಣ್ಣಿನಲ್ಲಿ ಕೂತು ಇಪ್ಪತ್ನಾಲ್ಕು ಎಂದ ಹುಡುಗಿ ಬಂದಳು.

"ನನಗ ಕನ್ನಡ ಓದ್ಲಾಕ್ ಬರಲ್ಲ ಸಾಹೇಬ್ರೆ. ಒಂದು ಅಕ್ಷರಾನೂ ಬರಲ್ಲ. ನಾ ವತರ್ ಅಂತ ಕಲಿಸೇನಿ. ಹುಡುಗಿಗಿ ಲೆಕ್ಕ ಬರ್ತದ್ರಿ. ಇಲ್ಲೇ ಕರ್ಕೊಂಡು ಬರ್ತೇನಿ, ನಿಮ್ಮ ಮುಂದ ಮಾಡಸ್ರಿ. ತಪ್ಪು ನಂದು, ಅವಳ್ದಲ್ಲ."

"ಪರೀಕ್ಷೆ ಮುಗಿದು ಹೋಗಿದೆ. ಉತ್ತರ ತಪ್ಪು ಅಂದ್ರೆ ತಪ್ಪೇ, ಅದನ್ನ ತಿದ್ದೋಕೆ ನನಗೆ ಅಧಿಕಾರ ಇಲ್ಲ," ಎಂದರು ಸಾಹೇಬರು. ಆಮೇಲೆ ದನಿ ತಗ್ಗಿಸಿ, "ಇದನ್ನ ನೀವು ನನ್ನ ಹತ್ರ ಹೇಳಬಾರದಾಗಿತ್ತು. ಕೇಳಿಸಿಕೊಂಡ ಮೇಲೆ ಕೇಳಿಸಿಕೊಂಡಿಲ್ಲ ಅಂತ ಇರೋಕಾಗಲ್ಲಮ್ಮ."

ಕುಬರಾ ಹೊರಗೆ ಬಂದಳು. ಹುಡುಗಿಗೂ ಏನೂ ದಕ್ಕಲಿಲ್ಲ, ತನಗೂ ಏನೂ ಉಳಿಯಲಿಲ್ಲ.

ಮರುದಿನ ಔರಾದಿಗೆ ಬಂದವಳೇ ಮಡೆಪ್ಪನ ಮನೆಗೆ ಹೋದಳು. ಊರ ಹೊರಗಿನ ಹಟ್ಟಿ. ಅಂಗಳದಲ್ಲಿ ಸಖುಬಾಯಿ, ಸತ್ಯಮ್ಮನ ತಾಯಿ, ಉಣ್ಣೆ ಬಿಡಿಸುತ್ತಿದ್ದಳು. ಮಡೆಪ್ಪ ಕಂಬಳಿ ಹಾಸಿ ಕೂಡಿಸಿದ, ನೀರು ತರಿಸಿದ.

"ಒಂದು ವರ್ಷ ತಡೀರಿ ಮಡೆಪ್ಪಾ. ಮತ್ತ ಪರೀಕ್ಷಾ ಕುಂದ್ರಸ್ತೇನಿ. ನಿಮ್ಮ ಕಾಲಿಗಿ ಬೀಳ್ತೇನಿ."

"ಹಂಗ ಅನಬ್ಯಾಡ್ರಿ ಬಾಯೋರೆ, ನೀವು ಕಲ್ಸೋರು," ಎಂದು ಅವನು ಹಿಂದೆ ಸರಿದ. "ನಾಲ್ಕು ಮಂದ್ಯಾಗ ಮಾತು ಕೊಟ್ಟೇನಿ. ಹೋದ ವರ್ಷನೂ ಅವ್ರಿಗಿ ತಡೀರಿ ಅಂದಿದ್ದೆ. ಈಗ ಮತ್ತ ತಡೀರಿ ಅಂದ್ರ, ಹುಡುಗಿಗಿ ಏನೋ ಅದ ಅಂತ ತಿಳಕೋತಾರ. ಪಾಸ್ ಆಗಿದ್ರ ನನ್ನ ಬಾಯಿ ಜೋರಿರ್ತಿತ್ತು. ಈಗ ಏನಂತ ಹೇಳ್ಲಿ?"

"ಅವಳು ತಪ್ಪು ಮಾಡಿಲ್ಲ. ನಂಗ ಪುಸ್ತಕ ಓದ್ಲಾಕ್ ಬರ್ಲಿಲ್ಲ, ಅದ್ಕ ಹಿಂಗಾಯ್ತು."

ಮಡೆಪ್ಪನಿಗೆ ಇದು ಅರ್ಥವಾಗಲಿಲ್ಲ. ಸಾಲೆಯಲ್ಲಿ ಕಲಿಸುವವರಿಗೆ ಓದಲು ಬರುವುದಿಲ್ಲ ಎನ್ನುವುದು ಅವನಿಗೆ ಸಮಾಧಾನಕ್ಕೆ ಹೇಳಿದ ಮಾತಿನಂತೆ ಕೇಳಿಸಿತು. ಅರ್ಥವಾದದ್ದು ಒಳಗೆ ಬಾಗಿಲ ಹಿಂದೆ ನಿಂತಿದ್ದ ಸತ್ಯಮ್ಮನಿಗೆ. ಅವಳು ಹೊರಗೆ ಬಂದಳು. ಕಣ್ಣು ಬಾತಿದ್ದವು.

"ನಿಮಗ ಓದ್ಲಾಕ್ ಬರಲ್ಲ?"

ಕುಬರಾ ತಲೆಯಾಡಿಸಿದಳು.

"ನನಗ ಬರ್ತದಲ್ರಿ." ಹುಡುಗಿಯ ದನಿ ಏರಿತು. "ನನಗ ಬರ್ತದ! ನೀವು ಒಂದ್ ಮಾತು ಹೇಳಬೇಕಿತ್ತು. ನಾ ಓದಿ ಹೇಳ್ತಿದ್ದೆ, ನೀವು ಲೆಕ್ಕ ಹೇಳ್ತಿದ್ರಿ. ಇಬ್ರೂ ಕೂಡಿ ಮಾಡ್ತಿದ್ವಿ. ಪುಸ್ತಕ ಯಾಕ ಮುಚ್ಚಿಟ್ರಿ ಬಾಯೋರೆ? ಯಾಕ ಮುಚ್ಚಿಟ್ರಿ?"

"ಸತ್ಯವ್ವಾ, ಬಾಯೋರ್ಗಿ ಹಂಗ ಅಂತಾರೇನ?" ಎಂದು ಸಖುಬಾಯಿ ಗದರಿದಳು. ಹುಡುಗಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ತಂದಿಟ್ಟ ನೀರನ್ನು ಕುಡಿಯದೆಯೇ ಕುಬರಾ ಎದ್ದಳು. ಆ ಹುಡುಗಿ ಹೇಳಿದ್ದು ಎಷ್ಟು ಸರಳವಾಗಿತ್ತು! ಅಷ್ಟು ತಿಂಗಳು ಹೆದರಿಕೊಂಡು ಬದುಕಿದವಳಿಗೆ ಒಂದು ಸಲವೂ ಅದು ಹೊಳೆದಿರಲಿಲ್ಲ.

ಮಳೆ ಹಿಡಿಯುವ ಮುಂಚೆ ಸತ್ಯಮ್ಮನ ಲಗ್ನವಾಯಿತು. ಕುಬರಾಳಿಗೆ ಕರೆ ಬಂದಿತ್ತು. ಅವಳು ಹೋಗಲಿಲ್ಲ. ಅದೇ ವಾರ ಹುಕುಂ ಬಂತು. ಕನ್ನಡ ಪರೀಕ್ಷೆ ಪಾಸು ಮಾಡುವವರೆಗೆ ಮೇಲಿನ ಜಮಾತುಗಳಿಗೆ ಕಲಿಸುವಂತಿಲ್ಲ, ಭಾಲ್ಕಿಯ ಸಣ್ಣ ಸಾಲೆಯಲ್ಲಿ ಮೊದಲನೇ ಜಮಾತಿಗೆ ಹೋಗಬೇಕು. ನೌಕರಿಯಿಂದಲೇ ತೆಗೆಯದಂತೆ ಆ ಸಾಹೇಬರು ತಡೆದರೆಂದು ಕಾಶೀರಾಮ ಹೇಳಿದ. ಇರಬಹುದು.

ಭಾಲ್ಕಿಯಲ್ಲಿ ಅಕ್ಷರ ಕಲಿಸುವವಳು ಸುಭದ್ರಾಬಾಯಿ ಎಂಬ ಇನ್ನೊಬ್ಬ ಶಿಕ್ಷಕಿ. ಮಕ್ಕಳ ಮೂಗು ಒರೆಸುವುದು, ಎಣಿಕೆ ಹೇಳಿಸುವುದು ಕುಬರಾಳ ಪಾಲಿಗೆ ಬಂತು. ಮೊದಲ ದಿನವೇ ಅವಳು ಸುಭದ್ರಾಬಾಯಿಗೆ, "ನಂಗೂ ಬರಲ್ರಿ, ನಾನೂ ಕೂಡ್ತೇನಿ," ಎಂದಳು. ಪುಟ್ಟ ಮಕ್ಕಳ ಹಿಂದೆ ಗೋಡೆಗೆ ಒರಗಿ ಕೂತು ಪಾಟಿಯ ಮೇಲೆ ಅ, ಆ ತಿದ್ದಿದಳು. ಮಕ್ಕಳು ತಿರುಗಿ ತಿರುಗಿ ನೋಡಿ ನಗುತ್ತಿದ್ದರು. ಬಲದಿಂದ ಎಡಕ್ಕೆ ಓಡಿ ರೂಢಿಯಾದ ಕೈ ಮಾತು ಕೇಳಲಿಲ್ಲ. ಮೊದಲ ಸಲ ಪರೀಕ್ಷೆಯಲ್ಲಿ ನಪಾಸಾದಳು. ಎರಡನೇ ಸಲವೂ ಅದೇ ಆಯಿತು. ಆ ನಡುವೆ ಅಕ್ತರಬೀ ತೀರಿಕೊಂಡಳು. ಮೂರನೇ ಸಲ ಪಾಸಾದಾಗ ಸುದ್ದಿ ಹೇಳಲು ಮನೆಯಲ್ಲಿ ಯಾರೂ ಇರಲಿಲ್ಲ.

ಮತ್ತೆ ಮೇಲಿನ ಜಮಾತಿಗೆ ರೇಖಾಗಣಿತ ಸಿಕ್ಕಿತು. ಅಲ್ಲಿ ಅವಳು ಒಂದು ಪದ್ಧತಿ ಮಾಡಿಕೊಂಡಳು. ಪುಸ್ತಕವನ್ನು ಯಾವಾಗಲೂ ಮಕ್ಕಳ ಕೈಗೇ ಕೊಡುವುದು. ಒಬ್ಬರು ಎದ್ದು ನಿಂತು ಓದಬೇಕು. ತನಗೆ ತಿಳಿಯದ ಪದ ಬಂದರೆ, "ಇದು ನಂಗ ಗೊತ್ತಿಲ್ಲ, ಕೂಡಿ ಹುಡುಕೋಣ," ಎನ್ನುವಳು. ಹೊಸ ಮಕ್ಕಳಿಗೆ ಇದು ವಿಚಿತ್ರ ಅನಿಸುತ್ತಿತ್ತು. ಗೊತ್ತಿಲ್ಲ ಎನ್ನುವ ಮಾಸ್ತರರನ್ನು ಅವರು ಕಂಡಿರಲಿಲ್ಲ.

ಒಂದು ಸಲ ಜನಗಣತಿಯ ಕೆಲಸದ ಮೇಲೆ ಮೆಹಕರಕ್ಕೆ ಹೋಗಬೇಕಾಯಿತು. ಬೇರೆಯವರಿಗೆ ವಹಿಸಿಕೊಡಬಹುದಿತ್ತು, ಕೊಡಲಿಲ್ಲ. ಸತ್ಯಮ್ಮನ ಮನೆ ಕೇಳಿಕೊಂಡು ಹೋದಳು. ಕಂಕುಳಲ್ಲಿ ಕೂಸು, ಬೆನ್ನ ಹಿಂದೆ ಇನ್ನೊಂದು. ಸತ್ಯಮ್ಮ ಬಾಯೋರನ್ನು ಗುರುತಿಸಿ ಒಳಗೆ ಕರೆದಳು. ಚಹಾ ಮಾಡಿದಳು. ಅತ್ತೆಯ ಮಂಡಿನೋವು, ಆ ವರ್ಷದ ತೊಗರಿ, ಸತ್ತುಹೋದ ಕುರಿಮರಿ, ಎಲ್ಲ ಹೇಳಿದಳು. ಸಾಲೆಯ ಮಾತು ಎತ್ತಲಿಲ್ಲ. ಕುಬರಾಳಿಗೂ ಎತ್ತಲು ಧೈರ್ಯ ಸಾಲಲಿಲ್ಲ.

ಮನೆಯವರ ಹೆಸರು ಬರೆದುಕೊಳ್ಳುವಾಗ, "ಓದು?" ಎಂದು ಕೇಳಬೇಕಾಗಿತ್ತು, ಕೇಳಿದಳು.

"ಆರನೇ ಜಮಾತು ಪಾಸ್ ಅಂತ ಬರೀರಿ," ಎಂದಳು ಸತ್ಯಮ್ಮ, ಕೂಸಿನ ತಲೆ ಸವರುತ್ತ.

ಕುಬರಾ ಕನ್ನಡದಲ್ಲಿ ಹಾಗೆಯೇ ಬರೆದುಕೊಂಡಳು. ಹೊರಗೆ ಬಿಸಿಲು ಏರಿತ್ತು. ಮುಂದಿನ ಮನೆಯ ಬಾಗಿಲಲ್ಲಿ ನಿಂತು ಅವಳು ಒಂದೇ ಹೆಸರನ್ನು ಎರಡು ಸಲ ಕೇಳಿದಳು. ಆ ಮನೆಯ ಮುದುಕಿ, "ಬಿಸಿಲಾಗ ಬಂದೀರಿ, ನೀರು ಕುಡೀರಿ ಬಾಯಿ," ಎಂದು ತಂಬಿಗೆ ಕೊಟ್ಟಳು.